ಒಂದು ಸುತ್ತು ಬಂದರೆ ಸಾಕಿತ್ತು

1945. ನಮ್ಮಲ್ಲಿ ಯುಗಾದಿಯ ಬಿಸಿಲು ಬಲಿಯುವ ಹೊತ್ತು. ಅಲ್ಲಿ, ಜರ್ಮನಿಯ ಹ್ಯಾಂಬರ್ಗಿನಲ್ಲಿ, ಜೈಲಿನ ಬಾಗಿಲು ತೆಗೆದು ಇನ್ನೂರರಷ್ಟು ಕೈದಿಗಳನ್ನು ರಸ್ತೆಗೆ ದಬ್ಬಿದ್ದಾರೆ. ನಡೆಯಬೇಕು. ಎಲ್ಲಿಗೆ? ಬಡಗಣ ದಿಕ್ಕಿನ ಕೀಲ್ ಊರಿನ ಸೆರೆಶಿಬಿರಕ್ಕೆ. ಪಕ್ಕದಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಕಾವಲಿನವರು. ಸಾಲಿನಲ್ಲಿ ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗ. ಜ್ವರದಿಂದ ಮೈ ಕೆಂಡವಾಗಿದೆ, ಕಾಲು ಸೋಲುತ್ತಿವೆ, ಆದರೂ ಎದೆಗವುಚಿಕೊಂಡ ಪುಸ್ತಕದ ಹೊರೆಯನ್ನು ಮಾತ್ರ ಬಿಡಲೊಲ್ಲ. ಇನ್ನೊಂದು ಹೆಜ್ಜೆ. ಮತ್ತೊಂದು. ಆಗಲಿಲ್ಲ. ರಸ್ತೆ ಬದಿಯ ಗಟಾರಕ್ಕೆ ಕುಸಿದ. ಕಾವಲಿನವ ನಿಂತ, ಗುರಿಯಿಟ್ಟ, ಹೊಡೆದ. ಎಡಗಿವಿಯ ಹಿಂದೆ ರಕ್ತ ಚಿಮ್ಮಿತು. ಸತ್ತ ಎಂದುಕೊಂಡು ಸಾಲು ಮುಂದೆ ಸಾಗಿತು.

ಸತ್ತಿರಲಿಲ್ಲ. ಗುಂಡು ಚರ್ಮ ಸೀಳಿಕೊಂಡು ಹೋಗಿತ್ತಷ್ಟೇ. ಗಟಾರದಿಂದ ಎದ್ದವನನ್ನು ಆಸ್ಪತ್ರೆಗೆ ಒಯ್ದರು, ಆಸ್ಪತ್ರೆಯಿಂದ ಮತ್ತೆ ಜೈಲಿಗೇ ಒಯ್ದರು. ಯುದ್ಧ ಮುಗಿದಾಗ ಹೊರಬಂದ. ಹೆಸರು ಬ್ರೂನೋ ಟೂಶೆಕ್. ವಿಯೆನ್ನಾದವ. ತಾಯಿ ಯೆಹೂದಿ ಮನೆತನದವಳಾದ್ದರಿಂದ ಊರಿನ ವಿಶ್ವವಿದ್ಯಾಲಯ ಅವನನ್ನು ಹೊರಗೆ ಹಾಕಿತ್ತು. ಗುರುತು ಮರೆಸಿಕೊಂಡು ಹ್ಯಾಂಬರ್ಗಿಗೆ ಬಂದವನಿಗೆ ಸಿಕ್ಕ ಕೆಲಸವಾದರೂ ಎಂಥದು! ನಾರ್ವೆಯ ಎಂಜಿನಿಯರ್ ರೋಲ್ಫ್ ವಿಡೆರೋ ಕಟ್ಟುತ್ತಿದ್ದ ಬೀಟಾಟ್ರಾನ್ ಎಂಬ ಯಂತ್ರದೊಳಗೆ ಎಲೆಕ್ಟ್ರಾನುಗಳು ಯಾವ ದಾರಿ ಹಿಡಿದು ಸುತ್ತುತ್ತವೆ, ಎಲ್ಲಿ ದಾರಿ ತಪ್ಪಿ ಗೋಡೆಗೆ ಬಡಿಯುತ್ತವೆ ಎಂದು ಕಾಗದದ ಮೇಲೆ ಲೆಕ್ಕ ಹಾಕುವುದು. ಇವತ್ತು ಕಂಪ್ಯೂಟರು ಮಾಡುವ ಬೀಮ್ ಮಾಡೆಲಿಂಗ್ ಕೆಲಸವನ್ನು ಅವ ಪೆನ್ಸಿಲ್ಲಿನಲ್ಲಿ ಮಾಡುತ್ತಿದ್ದ.

ಜೈಲಿನಲ್ಲಿದ್ದಾಗ ವಿಡೆರೋ ಅವನನ್ನು ನೋಡಲು ಹೋಗಿದ್ದರು. ತಿನ್ನಲು ಒಂದಿಷ್ಟು, ಸೇದಲು ಸಿಗರೇಟು, ಓದಲು ಒಂದು ಪುಸ್ತಕ. ಪುಸ್ತಕ ಬರೆದವರು ಹೈಟ್ಲರ್. (ಹಿಟ್ಲರ್ ಅಲ್ಲ ಮತ್ತೆ! ವಾಲ್ಟರ್ ಹೈಟ್ಲರ್, ನಾಜಿಗಳ ಕಾಟಕ್ಕೆ ತಾನೇ ಜರ್ಮನಿ ಬಿಟ್ಟು ಹೋದ ವಿಜ್ಞಾನಿ. ನಮ್ಮ ಹೋಮಿ ಭಾಭಾ ಜೊತೆ ಕೂಡಿ ವಿಶ್ವಕಿರಣಗಳ ಮೇಲೆ 1937ರಲ್ಲಿ ಹೆಸರಾಂತ ಪ್ರಬಂಧ ಬರೆದವರು.) ಆ ಪುಸ್ತಕದ ಅಂಚಿನ ಖಾಲಿ ಜಾಗದಲ್ಲಿ ಟೂಶೆಕ್ ಕಣ್ಣಿಗೆ ಕಾಣದ ಶಾಯಿಯಲ್ಲಿ ಟಿಪ್ಪಣಿ ಬರೆದ. ಮನೆಗೆ ಪತ್ರವಲ್ಲ, ಉಯಿಲಲ್ಲ. ಸುತ್ತುವ ಎಲೆಕ್ಟ್ರಾನು ಬೆಳಕು ಚೆಲ್ಲುತ್ತ ಚೆಲ್ಲುತ್ತ ಹೇಗೆ ತನ್ನ ತೊನೆದಾಟವನ್ನು ತಾನೇ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ. ಸಾವು ಬಾಗಿಲಲ್ಲಿ ನಿಂತಿರುವಾಗ ಅವನ ತಲೆಯಲ್ಲಿದ್ದದ್ದು ಅದು.

ಈ ಲೆಕ್ಕಕ್ಕೂ ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೂ ಏನು ಸಂಬಂಧ ಎಂದು ಕೇಳುವವರು ಇರುತ್ತೀರಿ. ಹೇಳುತ್ತೇನೆ. ಎಲೆಕ್ಟ್ರಾನ್ ಬೀಮನ್ನು, ಅಂದರೆ ಎಲೆಕ್ಟ್ರಾನುಗಳ ಧಾರೆಯನ್ನು, ನಾನು ಮೊದಲು ಬಗ್ಗಿಸಿದ್ದು ಅಲ್ಲಿಯೇ, ಮತ್ತು ಅದಕ್ಕೆ ಕಪಾಳಮೋಕ್ಷವೂ ಆಗಿತ್ತು.

ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲ. ಓಣಿಗೆಲ್ಲ ಕಾಕಾನ ಮನೆಯಲ್ಲಿ ಒಂದೇ ಕಪ್ಪು ಬಿಳುಪು ಟಿವಿ. ಅದಕ್ಕೆ ಕುಂಕುಮ, ಊದಿನಕಡ್ಡಿ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತ ದುಂಡನೆ ಅಯಸ್ಕಾಂತ ನನ್ನ ಚೊಣ್ಣದ ಕಿಸೆಯಲ್ಲಿತ್ತು. ಸುಮ್ಮನೆ ಪರದೆಯ ಮೂಲೆಗೆ ಹಿಡಿದೆ. ಶ್ರೀರಾಮನ ಗದ್ದ ಸೊಟ್ಟಗಾಗಿ ಅಯಸ್ಕಾಂತದ ಕಡೆ ಹರಿದುಬಂತು. ತೆಗೆದೆ, ಸರಿಹೋಯಿತು. ಮತ್ತೆ ಹಿಡಿದೆ.

"ಏ ಮಗನ! ರಾಮದೇವ್ರ ಮಾರಿ ಯಾಕ್ ಸೊಟ್ಟ ಮಾಡ್ತಿ?" ಕಾಕಾನ ಕೈ ನನ್ನ ಕೆನ್ನೆ ಮುಟ್ಟಿದ್ದು ಮಾತು ಮುಗಿಯುವ ಮೊದಲೇ.

ಆ ಡಬ್ಬಾ ಟಿವಿಯ ಹಿಂಭಾಗದ ಉದ್ದ ಕುತ್ತಿಗೆಯಲ್ಲಿ ಒಂದು ಕಾದ ತಂತಿ. ಅದರಿಂದ ಚಿಮ್ಮಿದ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟಿನ ಸೆಳೆತಕ್ಕೆ ಸೆಕೆಂಡಿಗೆ 60 ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡಿ ಗಾಜಿನ ಪರದೆಗೆ ಬಡಿಯುತ್ತಿದ್ದವು. ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಅವನ್ನು ಎಡಬಲ, ಮೇಲೆ ಕೆಳಗೆ ಎಳೆದಾಡಿ ಚಿತ್ರ ಬಿಡಿಸುತ್ತಿತ್ತು. ನನ್ನ ಅಯಸ್ಕಾಂತ ಆ ಸುರುಳಿಯ ಕೆಲಸದಲ್ಲಿ ಕೈಹಾಕಿತ್ತು. ವೇಗವರ್ಧಕ ಎಂದರೆ ಇಷ್ಟೇ: ಓಡಿಸುವುದಕ್ಕೆ ವಿದ್ಯುತ್ತು, ತಿರುಗಿಸುವುದಕ್ಕೆ ಅಯಸ್ಕಾಂತ, ಅಡ್ಡ ಬಾರದಂತೆ ಗಾಳಿ ತೆಗೆದ ಕೊಳವೆ. ಟಿವಿಯಲ್ಲಿ ಎಲೆಕ್ಟ್ರಾನಿಗೆ ಒಂದು ಮೊಳದ ಪಯಣ, ಕೊನೆಗೆ ಪರದೆಗೆ ಬಡಿದು ಸಾವು. ಅದನ್ನು ಸಾಯಗೊಡದೆ ಗಂಟೆಗಟ್ಟಲೆ ಸುತ್ತಿಸಬೇಕೆಂದು ಹೊರಟವರ ಪಾಡೇ ಈ ಕಥೆ.

ಎಲೆಕ್ಟ್ರಾನಿಗೆ ತಿರುವು ಎಂದರೆ ಆಗದು. ನೆಟ್ಟಗೆ ಹೋಗುವುದು ಅದರ ಜಾಯಮಾನ. ಬಲವಂತದಿಂದ ಬಗ್ಗಿಸಿದರೆ ಬೆಳಕು ಕಾರುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಪ್ರತಿ ಸುತ್ತಿಗೂ ಕಳೆದದ್ದನ್ನು ಪ್ರತಿ ಸುತ್ತಿಗೂ ತುಂಬಿಕೊಡಬೇಕು. ಮೇಲ್ನೋಟಕ್ಕೆ ಇದು ಶಾಪ. ಟೂಶೆಕ್ ಜೈಲಿನಲ್ಲಿ ಬರೆದುಕೊಂಡದ್ದು ಇದರೊಳಗಿನ ವರವನ್ನು. ಹೊಸ ಹೋರಿಯನ್ನು ಬಂಡಿಗೆ ಹೂಡಿದ್ದನ್ನು ನೋಡಿದವರಿಗೆ ತಟ್ಟನೆ ತಿಳಿದೀತು. ಮೊದಮೊದಲು ಅದು ಮುಂದಕ್ಕಿಂತ ಅಡ್ಡಕ್ಕೇ ಜಾಸ್ತಿ ಎಳೆಯುತ್ತದೆ. ಎಳೆದ ದಿಕ್ಕಿಗೆಲ್ಲ ಕಸುವು ಸೋರುತ್ತದೆ. ಬಾರುಕೋಲು ಹುರಿದುಂಬಿಸುವುದು ಮಾತ್ರ ಮುಂದಕ್ಕೆ. ಅಡ್ಡಕ್ಕೆ ಕಳೆದದ್ದು ಹೋಯಿತು, ಮುಂದಕ್ಕೆ ಸಿಕ್ಕಿದ್ದು ಉಳಿಯಿತು. ನಾಲ್ಕು ದಿನದಲ್ಲಿ ಹೋರಿ ಗಾಲಿಯ ಜಾಡಿಗೆ ಬೀಳುತ್ತದೆ. ಎಲೆಕ್ಟ್ರಾನೂ ಹಾಗೆ. ಬೆಳಕು ಚೆಲ್ಲುವಾಗ ಅಡ್ಡಾದಿಡ್ಡಿ ಓಟವೂ ಚೆಲ್ಲುತ್ತದೆ, ರೇಡಿಯೊ ತರಂಗದ ಪೆಟ್ಟಿಗೆ ಮರಳಿ ಕೊಡುವುದು ನೇರ ಓಟವನ್ನಷ್ಟೇ. ನಾಲ್ಕು ದಿನ ಬೇಡ, ಸೆಕೆಂಡಿನ ಚೂರುಪಾರಿನೊಳಗೆ ಅದು ಪಳಗುತ್ತದೆ.

ಪಳಗಿಸುವುದು. ಇಂಗ್ಲಿಷಿನವರು ಕಮಿಷನಿಂಗ್ ಅನ್ನುವುದಕ್ಕೆ ನನಗೆ ಹೊಳೆಯುವ ಕನ್ನಡ ಇದೇ. ಯಂತ್ರ ಕಟ್ಟುವುದು ಒಂದು ಸಾಹಸವಾದರೆ ಅದನ್ನು ಪಳಗಿಸುವುದು ಇನ್ನೊಂದು.

1960ರ ಮಾರ್ಚ್ 7. ಇಟಲಿಯ ಫ್ರಾಸ್ಕಾಟಿ. ಗಟಾರದಿಂದ ಎದ್ದುಬಂದ ಆ ಹುಡುಗ ಈಗ ಮೂವತ್ತೊಂಬತ್ತರ ವಿಜ್ಞಾನಿ. ಎದ್ದು ನಿಂತು ಒಂದು ಮಾತು ಹೇಳಿದ: ಒಂದೇ ಉಂಗುರದಲ್ಲಿ ಎಲೆಕ್ಟ್ರಾನನ್ನು ಒಂದು ದಿಕ್ಕಿಗೆ, ಅದರ ವಿರುದ್ಧ ಕಣ ಪಾಸಿಟ್ರಾನನ್ನು ಎದುರು ದಿಕ್ಕಿಗೆ ಸುತ್ತಿಸಿ ಢಿಕ್ಕಿ ಹೊಡೆಸೋಣ. ಒಂದು ವರ್ಷ ಕೂಡ ಆಗಿಲ್ಲ, 1961ರ ಫೆಬ್ರುವರಿ 27ಕ್ಕೆ ಉಂಗುರದೊಳಗೆ ಎಲೆಕ್ಟ್ರಾನು ಸುತ್ತತೊಡಗಿತ್ತು! ಹೆಸರು ಆಡಾ. ಸುತ್ತಳತೆ 4 ಮೀಟರು, ಕಣಜದಷ್ಟು ಯಂತ್ರ. ಕಿಟಕಿಯಲ್ಲಿ ಬೆಳಕು ಅಳೆಯುವ ಉಪಕರಣ ಇಟ್ಟರು. ಸುರುಳಿ ಕಾಗದದ ಮೇಲೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಒಂದು ಮೆಟ್ಟಿಲು ಎಂದರೆ ಒಂದು ಎಲೆಕ್ಟ್ರಾನಿನ ಸಾವು. ಕೊನೆಗೆ ಉಳಿದದ್ದು ಒಂದೇ ಒಂದು, ಅದರ ಬೆಳಕೂ ಲೆಕ್ಕಕ್ಕೆ ಸಿಗುತ್ತಿತ್ತು. ಅದೂ ಹೋಯಿತು. ಗೆರೆ ನೆಲ ಮುಟ್ಟಿತು.

ಫ್ರಾಸ್ಕಾಟಿಯಲ್ಲಿ ಒಳಗೆ ಬೀಳುತ್ತಿದ್ದ ಕಣಗಳು ಬೆರಳೆಣಿಕೆಯವು. ಫ್ರಾನ್ಸಿನ ಓರ್ಸೆಯಲ್ಲಿ ದೊಡ್ಡ ಎಲೆಕ್ಟ್ರಾನ್ ಯಂತ್ರವಿತ್ತು. ಸರಿ, ಒಯ್ಯೋಣ! 1962ರ ಜುಲೈ. ಆಡಾವನ್ನು ಲಾರಿಗೆ ಏರಿಸಿದರು. ಆದರೆ ಒಳಗಿನ ನಿರ್ವಾತ ಕೆಡಬಾರದು. ಒಂದು ಉಸಿರು ಗಾಳಿ ಒಳಹೊಕ್ಕರೂ ತಿಂಗಳುಗಳ ಕೆಲಸ ಹಾಳು. ಹಾಗಾಗಿ ಲಾರಿಯ ಮೇಲೆಯೇ ಬ್ಯಾಟರಿ, ಬ್ಯಾಟರಿಯಿಂದ ಓಡುವ ಪಂಪು. ಬ್ಯಾಟರಿ ಸಾಯುವುದರೊಳಗೆ ಆಲ್ಪ್ಸ್ ದಾಟಬೇಕು, ಗಡಿ ದಾಟಬೇಕು, ಓರ್ಸೆ ಮುಟ್ಟಬೇಕು. ಹೊರಡುವ ಮೊದಲು ಲಾರಿ ಎಷ್ಟು ಅಲುಗುತ್ತದೆ ನೋಡುತ್ತೇನೆಂದು ಟೂಶೆಕ್ ತಾನೇ ಸ್ಟೇರಿಂಗ್ ಹಿಡಿದು ದೀಪದ ಕಂಬಕ್ಕೆ ಗುದ್ದಿದನಂತೆ. ಗಡಿಯಲ್ಲಿ ಕಸ್ಟಮ್ಸಿನವ ಒಳಗೇನಿದೆ, ಬಿಚ್ಚಿ ತೋರಿಸಿ ಎಂದು ಪಟ್ಟುಹಿಡಿದನಂತೆ. ಒಳಗೆ ಏನೂ ಇಲ್ಲ ಸ್ವಾಮೀ! ಏನೂ ಇಲ್ಲದಿರಲಿ ಎಂದೇ ಇಷ್ಟು ಪಾಡು! ಕಸ್ಟಮ್ಸಿನವನಿಗೆ ಇದನ್ನು ಹೇಗೆ ತಿಳಿಸುವುದು? ಬ್ಯಾಟರಿ ಇಳಿಯುತ್ತಿದೆ. ಮೇಲಿನವರಿಗೆ ಫೋನು ಹೋಗಿ, ಮೇಲಿನವರಿಂದ ಫೋನು ಬಂದು, ಕೊನೆಗೂ ಲಾರಿ ಹೊರಟಿತು. ನಿರ್ವಾತ ಉಳಿಯಿತು.

ಓರ್ಸೆಯಲ್ಲಿ ಹೊಸ ಗಂಡಾಂತರ. 1963ರ ಒಂದು ರಾತ್ರಿ. ಕಣಗಳನ್ನು ತುಂಬಿದಷ್ಟೂ ಬೇಗ ಸಾಯತೊಡಗಿದವು. ಗಾಳಿಯಿಲ್ಲ, ಸೋರಿಕೆಯಿಲ್ಲ, ಅಯಸ್ಕಾಂತ ಸರಿಯಿದೆ. ಗುಂಪು ದೊಡ್ಡದಾದಷ್ಟೂ ಆಯಸ್ಸು ಕಮ್ಮಿ. ಯಾಕೆ? ಟೂಶೆಕ್ ಹೊರನಡೆದು ರೈಲು ನಿಲ್ದಾಣದ ಹತ್ತಿರದ ಕೆಫೆಯಲ್ಲಿ ಕೂತನಂತೆ. ಬೆಳಗಾಗುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಕಲಬುರಗಿಯ ಶರಣಬಸವೇಶ್ವರರ ತೇರು ಎಳೆಯುವಾಗ ನೀವು ಆ ಗದ್ದಲದ ನಡುವೆ ಸಿಕ್ಕಿದ್ದರೆ ಉತ್ತರ ನಿಮಗೂ ಗೊತ್ತು. ಎಲ್ಲರೂ ಮುಂದಕ್ಕೇ ಹೋಗುತ್ತಿರುತ್ತಾರೆ, ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಭುಜಕ್ಕೆ ಭುಜ ತಾಗುತ್ತದೆ, ಅಷ್ಟೇ. ಆ ತಾಗುವಿಕೆಗೆ ಒಬ್ಬ ಮುಂದಿನವನ ಮೇಲೆ ಹಾರಿ ಬೀಳುತ್ತಾನೆ, ಇನ್ನೊಬ್ಬ ಹಿಂದಿನವನ ಕಾಲಡಿ. ಎಲೆಕ್ಟ್ರಾನ್ ಗುಂಪಿನೊಳಗೂ ಎರಡು ಕಣ ಅಡ್ಡಕ್ಕೆ ತಾಗಿದರೆ ಆ ತಳ್ಳಾಟ ಉದ್ದಕ್ಕೆ ತಿರುಗುತ್ತದೆ, ಬೆಳಕಿನ ವೇಗದ ಸನಿಹದಲ್ಲಿ ಹತ್ತಾರು ನೂರಾರು ಪಟ್ಟು ಹಿಗ್ಗುತ್ತದೆ. ಒಂದಕ್ಕೆ ಶಕ್ತಿ ಹೆಚ್ಚು, ಇನ್ನೊಂದಕ್ಕೆ ಕಮ್ಮಿ. ಎರಡೂ ಗೋಡೆಗೆ. ಇವತ್ತಿಗೂ ಜಗತ್ತಿನ ಎಲ್ಲ ಎಲೆಕ್ಟ್ರಾನ್ ಉಂಗುರಗಳಲ್ಲಿ ಬೀಮಿನ ಆಯಸ್ಸು ಲೆಕ್ಕ ಹಾಕುವಾಗ ಬರುವ ಹೆಸರು ಟೂಶೆಕ್ ಪರಿಣಾಮ. ಸತ್ತನೆಂದು ಬಿಟ್ಟು ಹೋದವನ ಹೆಸರು ಸಾವಿನ ಲೆಕ್ಕಕ್ಕೇ ಅಂಟಿಕೊಂಡಿತು. ಮುಂದಿನ ವರ್ಷದೊಳಗೆ ಎಲೆಕ್ಟ್ರಾನು ಪಾಸಿಟ್ರಾನು ಢಿಕ್ಕಿ ಹೊಡೆದದ್ದಕ್ಕೆ ಆಡಾದಲ್ಲಿ ಸಾಕ್ಷಿಯೂ ಸಿಕ್ಕಿತು. ಆ ಎರಡು ಕಣಗಳು ಎದುರಾದಾಗ ಹೇಗೆ ಚೆದುರುತ್ತವೆ ಎಂದು 1935ರಲ್ಲೇ ಲೆಕ್ಕ ಹಾಕಿಟ್ಟವರು ಹೋಮಿ ಭಾಭಾ. ಟೂಶೆಕ್ ಹ್ಯಾಂಬರ್ಗಿನಲ್ಲಿ ಪೆನ್ಸಿಲ್ ಹಿಡಿದಿದ್ದ ಯುದ್ಧದ ವರ್ಷಗಳಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು.

ಈಗ ನಮ್ಮ ನೆಲಕ್ಕೆ ಬರೋಣ.

ತುಮಕೂರಿನಲ್ಲಿ 1925ರ ಜನವರಿ 28ರಂದು ಹುಟ್ಟಿದ ರಾಜಾ ರಾಮಣ್ಣನವರನ್ನು ಪೋಖ್ರಾನಿನ ಅಣುಪರೀಕ್ಷೆಯ ಹೆಸರಿನಿಂದ ಎಲ್ಲರೂ ನೆನೆಯುತ್ತಾರೆ. ಪಿಯಾನೊ ನುಡಿಸುತ್ತಿದ್ದರೆಂದು ಕೆಲವರು ನೆನೆಯುತ್ತಾರೆ. ಅವರ ಮೂರನೆಯ ಬದುಕು ವೇಗವರ್ಧಕಗಳದ್ದು, ಅದನ್ನು ನಾವು ಕನ್ನಡಿಗರು ಮರೆತಿದ್ದೇವೆ ಎಂದೇ ನನ್ನ ತಕರಾರು. ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರ ಫೆಬ್ರುವರಿ 19ರಂದು, ಇಂದೋರಿನಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಒಂದು ಕೇಂದ್ರಕ್ಕೆ ಅಡಿಗಲ್ಲು ಇಟ್ಟರು. ಉನ್ನತ ತಂತ್ರಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಕ್ಯಾಟ್. ಡಿ. ಡಿ. ಭವಾಳ್ಕರ್ ಅದರ ಮೊದಲ ನಿರ್ದೇಶಕರು. ಬಗ್ಗಿಸಿದಾಗ ಎಲೆಕ್ಟ್ರಾನು ಚೆಲ್ಲುವ ಬೆಳಕನ್ನೇ ಬೆಳೆ ತೆಗೆಯುವ ಉಂಗುರಗಳನ್ನು ಅಲ್ಲಿ ಕಟ್ಟಿದರು. ಸಿಂಕ್ರೊಟ್ರಾನ್ ಬೆಳಕು ಎನ್ನುತ್ತಾರೆ. ಹರಳು, ಲೋಹ, ಔಷಧದ ಅಣು, ಯಾವುದರ ಒಳಗನ್ನಾದರೂ ಅದರಿಂದ ನೋಡಬಹುದು. ಇಂಡಸ್-1 ಎಂಬ ಸುಮಾರು 19 ಮೀಟರಿನ ಚಿಕ್ಕ ಉಂಗುರ 1999ರಲ್ಲಿ ಬೆಳಗಿತು. ಪಕ್ಕದಲ್ಲಿ ದೊಡ್ಡಣ್ಣ ಇಂಡಸ್-2, ಸುತ್ತಳತೆ 172 ಮೀಟರು.

ಇಂಥ ಉಂಗುರದ ಮೊದಲ ರಾತ್ರಿಗಳು ಹೇಗಿರುತ್ತವೆ? ಉಸಿರು ಬಿಗಿಹಿಡಿಯಿರಿ.

ಮೈಕ್ರೊಟ್ರಾನ್ ಎಂಬ ಯಂತ್ರ ಎಲೆಕ್ಟ್ರಾನನ್ನು 2 ಕೋಟಿ ವೋಲ್ಟಿಗೆ ಏರಿಸುತ್ತದೆ. ಬೂಸ್ಟರ್ ಅದನ್ನು ಇಸಿದುಕೊಂಡು 55 ಕೋಟಿ ವೋಲ್ಟಿಗೆ ಒಯ್ಯುತ್ತದೆ. ಅಲ್ಲಿಂದ ಕೊಳವೆಯಲ್ಲಿ ದೊಡ್ಡ ಉಂಗುರದ ಬಾಯಿಗೆ. ಒಳಗಿನ ಗಾಳಿ ನಾವು ಉಸಿರಾಡುವುದರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಎಲೆಕ್ಟ್ರಾನು ಬಂತು. ಹೊಕ್ಕಿತು. ಮೊದಲ ತಿರುವು, ಹದಿನಾರರಲ್ಲಿ ಒಂದು. ಕೊಳವೆಯೊಳಗೆ ಇಳಿಬಿಟ್ಟ ಹೊಳೆಯುವ ಪರದೆ, ಎದುರಿಗೆ ಕ್ಯಾಮೆರಾ. ಚುಕ್ಕಿ ಕಂಡಿತೇ? ಕಂಡಿತು! ಪರದೆ ಎತ್ತು. ಮುಂದಿನದು ಇಳಿಸು. ಚುಕ್ಕಿ? ಇಲ್ಲ. ಎಲ್ಲೋ ನಡುವೆ ಗೋಡೆಗೆ ಬಡಿದಿದೆ. ಒಂದು ಅಯಸ್ಕಾಂತ ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿದಿದ್ದರೂ ಸಾಕು, ಅಲ್ಲಿ ಬಿದ್ದ ಒದೆ ಮುಂದೆ ಬೆರಳಗಲ ಆಗುತ್ತದೆ. ತಿದ್ದುವ ಚಿಕ್ಕ ಅಯಸ್ಕಾಂತಗಳಿವೆ, ಅವುಗಳ ಕರೆಂಟು ತುಸು ಏರಿಸು, ತುಸು ಇಳಿಸು. ಚುಕ್ಕಿ ಬಂತು, ಆದರೆ ಅಂಚಿನಲ್ಲಿ. ಇನ್ನೂ ತುಸು. ನಡುವಿಗೆ ಬಂತು. ಮುಂದಿನ ಪರದೆ. ಇಡೀ ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಮ್ಮಿ. ಆ ರೆಪ್ಪೆ ಬಡಿಯದ ಹೊತ್ತನ್ನು ಗೆಲ್ಲಲು ಮನುಷ್ಯರಿಗೆ ದಿನಗಳು, ವಾರಗಳು. ಒಂದು ಸುತ್ತು ಬಂದರೆ ಸಾಕಿತ್ತು ಎಂಬ ಹಂಬಲ ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಮಾತಿರುವುದಿಲ್ಲ.

ಒಂದು ಸುತ್ತು ಬಂತೆನ್ನಿ. ಎರಡು, ಹತ್ತು, ನೂರು. ಆಗ ಜೋಕಾಲಿಯ ಭಯ.

ನಾಗರಪಂಚಮಿಗೆ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೀಕಿದವರಿಗೆ ಗೊತ್ತು. ಜೋಕಾಲಿ ಹಿಂದೆ ಬಂದು ನಿಂತ ಗಳಿಗೆಗೆ ಸರಿಯಾಗಿ ಪುಟ್ಟ ಹುಡುಗಿಯೊಬ್ಬಳು ಒಂದೊಂದೇ ಬೆರಳಿನಲ್ಲಿ ತಳ್ಳುತ್ತ ಹೋದರೂ ಅದು ಕೊಂಬೆ ಮುಟ್ಟುತ್ತದೆ. ಎಲೆಕ್ಟ್ರಾನು ಸುತ್ತುವಾಗ ಅಕ್ಕಪಕ್ಕಕ್ಕೆ ತೂಗುತ್ತ ಸುತ್ತುತ್ತದೆ. ಒಂದು ಸುತ್ತಿಗೆ ಸರಿಯಾಗಿ ಪೂರ್ತಿ ತೂಗುಗಳ ಲೆಕ್ಕ ಕೂಡಿಬಂದರೆ, ಅದೇ ಅಯಸ್ಕಾಂತದ ಅದೇ ಸಣ್ಣ ದೋಷ ಅದೇ ಗಳಿಗೆಗೆ ಮತ್ತೆ ಮತ್ತೆ ತಳ್ಳುತ್ತದೆ. ಹಗ್ಗ ಕಡಿದಂತೆ ಬೀಮು ಗೋಡೆಗೆ. ಅರ್ಧಕ್ಕೆ ಕೂಡಿಬಂದರೂ ಅಪಾಯ, ಮೂರನೇ ಒಂದಕ್ಕೂ ಅಪಾಯ. ಹಾಗಾಗಿ ಭಿನ್ನರಾಶಿಗಳ ಈ ಮುಳ್ಳುಕಂಟಿಯ ನಡುವೆ ಒಂದು ಕಾಲುದಾರಿಯನ್ನು ಮೊದಲೇ ಕಂಪ್ಯೂಟರಿನಲ್ಲಿ ಹುಡುಕಿಟ್ಟಿರುತ್ತಾರೆ. ಆ ನಕ್ಷೆಯೇ ಮಾಡೆಲ್. ಅದರಲ್ಲಿ ಪ್ರತಿ ಅಯಸ್ಕಾಂತವೂ ಇರುತ್ತದೆ, ಆದರೆ ಇರಬೇಕಾದಂತೆ ಇರುತ್ತದೆ. ನೆಲದ ಮೇಲೆ ಅದು ಇರುವಂತೆ ಇರುತ್ತದೆ. ಇವೆರಡರ ನಡುವಿನ ಕಂದಕವನ್ನು ದಾಟಲು ಯಂತ್ರವನ್ನೇ ಬೇಕೆಂದು ಕೆಣಕುತ್ತಾರೆ. ಒಂದೊಂದು ತಿದ್ದುವ ಅಯಸ್ಕಾಂತವನ್ನೂ ತುಸುವೇ ಬದಲಿಸಿ, ಉಂಗುರದ ಉದ್ದಕ್ಕೂ ಬೀಮು ಎಲ್ಲೆಲ್ಲಿ ಎಷ್ಟೆಷ್ಟು ಸರಿಯಿತೆಂದು ಬರೆದುಕೊಂಡು, ಆ ಉತ್ತರ ಬರುವವರೆಗೂ ಮಾಡೆಲನ್ನು ತಿದ್ದುತ್ತಾರೆ. ಯಂತ್ರ ಮಾಡೆಲಿನ ಮಾತು ಕೇಳುವುದಿಲ್ಲ. ಮಾಡೆಲೇ ಯಂತ್ರದ ಮಾತು ಕೇಳಬೇಕು.

2005ರ ಡಿಸೆಂಬರ್. ಇಂಡಸ್-2ರಲ್ಲಿ ಬೀಮು ನಿಂತಿತು! ಸುತ್ತಿ ಸುತ್ತಿ ಸಾಯದೆ ನಿಂತಿತು. ಡಿಸೆಂಬರ್ 17ಕ್ಕೆ ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ದೇಶಕ್ಕೆ ಒಪ್ಪಿಸಿ ಕೇಂದ್ರಕ್ಕೆ ರಾಜಾ ರಾಮಣ್ಣನವರ ಹೆಸರಿಟ್ಟರು. ರಾಮಣ್ಣ ಅದನ್ನು ನೋಡಲಿಲ್ಲ. ಹದಿನೈದು ತಿಂಗಳ ಹಿಂದೆ, 2004ರ ಸೆಪ್ಟೆಂಬರ್ 24ರಂದು, ತೀರಿಕೊಂಡಿದ್ದರು.

ನಿಂತ ಮಾತ್ರಕ್ಕೆ ಮುಗಿಯಲಿಲ್ಲ. 55 ಕೋಟಿ ವೋಲ್ಟಿನಲ್ಲಿ ಸುತ್ತುವ ಬೀಮನ್ನು ಅದೇ ಉಂಗುರದಲ್ಲಿ 250 ಕೋಟಿಗೆ ಏರಿಸಬೇಕು. ಅಯಸ್ಕಾಂತಗಳೆಲ್ಲ ಒಟ್ಟೊಟ್ಟಿಗೆ ಬಲಗೊಳ್ಳಬೇಕು. ಒಂದು ಹಿಂದೆ ಬಿತ್ತೋ, ಬೀಮು ಹೋಯಿತು. ಏರಿದ ಮೇಲೆ ಆ ಎಲೆಕ್ಟ್ರಾನು ಬೆಳಕಿಗಿಂತ ಹಿಂದೆ ಬೀಳುವುದು ಸೆಕೆಂಡಿಗೆ ಬರೀ 6 ಮೀಟರು. ನಮ್ಮೂರ ಹುಡುಗ ಸೈಕಲ್ ತುಳಿಯುವ ವೇಗದಷ್ಟು ಅಂತರ, ಅಷ್ಟೇ! ಸೆಕೆಂಡಿಗೆ 17 ಲಕ್ಷ ಸುತ್ತು. ಪ್ರತಿ ಸುತ್ತಿಗೂ 6 ಲಕ್ಷ ವೋಲ್ಟಿನಷ್ಟು ಶಕ್ತಿ ಬೆಳಕಾಗಿ ಸೋರಿಕೆ. 100 ಮಿಲಿಆಂಪಿಯರ್ ಬೀಮೆಂದರೆ ಉಂಗುರದೊಳಗೆ 36,000 ಕೋಟಿ ಎಲೆಕ್ಟ್ರಾನು. ಒಟ್ಟುಗೂಡಿಸಿದರೆ ಧೂಳಿನ ಕಣದಷ್ಟೂ ತೂಗವು. ಆದರೆ ಅವು ಚೆಲ್ಲುವ ಬೆಳಕಿನ ಬಲ 60 ಕಿಲೋವ್ಯಾಟಿಗೂ ಮೇಲೆ, ಐದು ಎಚ್‌ಪಿಯ ಹದಿನಾರು ಪಂಪ್‌ಸೆಟ್ಟು ಒಟ್ಟಿಗೆ ಓಡಿದಷ್ಟು. ಹತ್ತು ಗಂಟೆ ಬದುಕಿದ ಎಲೆಕ್ಟ್ರಾನು ಓಡಿದ ದಾರಿ 1,080 ಕೋಟಿ ಕಿಲೋಮೀಟರು. ಪ್ಲೂಟೊ ಮುಟ್ಟಿ ಮರಳಿ ಮನೆ ಹತ್ತಿರಕ್ಕೆ ಬಂದ ಹಾಗೆ, ಅದೂ ಇಂದೋರಿನ ಆವರಣ ದಾಟದೆ.

ಇಷ್ಟೆಲ್ಲ ಲೆಕ್ಕ ಕೂಡಿದ ಮೇಲೂ ಲೆಕ್ಕದಲ್ಲಿ ಇಲ್ಲದ್ದು ಬಂದು ಕಾಡುತ್ತದೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಲೆಪ್ ಎಂಬ 27 ಕಿಲೋಮೀಟರಿನ ಉಂಗುರವಿತ್ತು. 1989ರ ಜುಲೈ 14ರಂದು ಅದರಲ್ಲಿ ಬೀಮು ಮೊದಲ ಸುತ್ತು ಹಾಕಿತು. ಕೆಲವು ವರ್ಷ ಕಳೆದ ಮೇಲೆ ನೋಡಿದರೆ ಬೀಮಿನ ಶಕ್ತಿ ದಿನಕ್ಕೆರಡು ಬಾರಿ ಏರಿಳಿಯುತ್ತಿದೆ! ಅಮಾವಾಸ್ಯೆ ಹುಣ್ಣಿಮೆಗೆ ಇನ್ನೂ ಜಾಸ್ತಿ. ಚಂದ್ರ ಸಮುದ್ರವನ್ನು ಎಳೆದಂತೆ ನೆಲವನ್ನೂ ಎಳೆದು ಉಂಗುರವನ್ನು ಒಂದು ಮಿಲಿಮೀಟರಿನಷ್ಟು ಹಿಗ್ಗಿಸುತ್ತಿದ್ದ. ಆಮೇಲೆ ಇನ್ನೊಂದು ಕಿರಿಕಿರಿ, ಹಗಲೆಲ್ಲ ಅಯಸ್ಕಾಂತದ ಬಲ ನಡುಗುತ್ತದೆ, ನಡುರಾತ್ರಿ ತಣ್ಣಗಾಗುತ್ತದೆ. ಹುಡುಕಿದರೆ ಜಿನೀವಾ ಕಡೆಯಿಂದ ಪ್ಯಾರಿಸಿಗೆ ಓಡುವ ವೇಗದ ರೈಲು. ಅದರ ಹಳಿಯಿಂದ ನೆಲಕ್ಕೆ ಸೋರಿದ ಕರೆಂಟು ಲೆಪ್‌ನ ಕೊಳವೆ ಹಿಡಿದು ಹೋಗುತ್ತಿತ್ತು.

ಆದರೆ ನನಗೆ ಅತಿ ಪ್ರಿಯವಾದದ್ದು 1996ರ ಜೂನ್ ತಿಂಗಳ ಪ್ರಸಂಗ. ರಿಪೇರಿ ಮುಗಿಸಿ ಲೆಪ್ ಮತ್ತೆ ಚಾಲೂ ಮಾಡಿದರು. ಬೀಮು ಸುತ್ತು ಬರಲೊಲ್ಲದು. ಎಲೆಕ್ಟ್ರಾನು ಬಿಟ್ಟರೆ ಒಂದು ಕಡೆಯಿಂದ ಬಂದು ಸಾಯುತ್ತದೆ, ಪಾಸಿಟ್ರಾನು ಬಿಟ್ಟರೆ ಎದುರಿನಿಂದ ಬಂದು ಸಾಯುತ್ತದೆ. ಒಂದು ದಿನ, ಎರಡು ದಿನ. ಅಯಸ್ಕಾಂತದ ತಂತಿ ಅದಲುಬದಲಾಗಿದೆಯೇ? ಇಲ್ಲ. ಮಾಡೆಲಿನಲ್ಲಿ ತಪ್ಪಿದೆಯೇ? ಇಲ್ಲ.

ನಿಂಬರ್ಗಾದ ಹೊಲದಲ್ಲಿ ನಮಗೂ ಒಂದು ರಾತ್ರಿ ಹೀಗೇ ಆಗಿತ್ತು. ಮೂರು ಫೇಸ್ ಕರೆಂಟು ಬರುವುದೇ ಸರಿರಾತ್ರಿಗೆ, ಇರುವುದು ನಾಲ್ಕಾರು ತಾಸು. ಬಾವಿಯ ಮೇಲೆ ಮೋಟಾರು ಗುರ್ರೆನ್ನುತ್ತಿದೆ, ದೂರದ ಮಡಿಯಲ್ಲಿ ಪೈಪಿನ ಬಾಯಿ ಒಣಗಿದೆ. ಅಪ್ಪ ಅಲ್ಲಿಂದಲೇ ಕೂಗಿದ. "ಎಲ್ಲೋ ತಡದದ ತಮ್ಮಾ. ನಡಾಕಿನ ಜೋಡು ಬಿಚ್ಚಿ ನೋಡು. ಅಲ್ಲಿ ನೀರಿದ್ರ ಮುಂದ ಹೋಗು, ಇಲ್ಲಂದ್ರ ಹಿಂದ ಬಾ." ಮೊಣಕಾಲುದ್ದ ಎರೆಮಣ್ಣಿನ ಕೆಸರು, ಬ್ಯಾಟರಿಯ ಮಂಕು ಬೆಳಕು, ಹಾವಿನ ಭಯ. ನಡುವಿನ ಜೋಡು ಬಿಚ್ಚಿದೆ, ನೀರಿತ್ತು. ಅದರ ಮುಂದಿನ ಅರ್ಧದ ಅರ್ಧ. ಇಲ್ಲ. ಅಂದರೆ ಇವೆರಡರ ನಡುವೆ. ನಾಲ್ಕನೇ ಜೋಡಿಗೆ ಕೈ ಹಾಕಿದರೆ ಮೆತ್ತಗೆ ಏನೋ ತಗುಲಿತು. ಹಾವೇ ಎಂದು ಕಿರುಚಿದೆ. ಎಳೆದರೆ ಹಳೆಯ ಧೋತರದ ಚೂರು. ಹಿಂದಿನ ಬೇಸಿಗೆಯಲ್ಲಿ ಪೈಪು ಬಿಚ್ಚಿಟ್ಟಾಗ ಇಲಿ ಹೋಗಬಾರದೆಂದು ಅಪ್ಪನೇ ತುರುಕಿದ್ದ. ಅಪ್ಪ ಏನೂ ಅನ್ನಲಿಲ್ಲ, ಧೋತರ ಹಿಂಡಿ ಹೆಗಲಿಗೆ ಹಾಕಿಕೊಂಡ.

ಸರ್ನಿನವರು ಮಾಡಿದ್ದೂ ಅದನ್ನೇ. ಎರಡೂ ಕಡೆಯಿಂದ ಬೀಮು ಎಲ್ಲಿಯವರೆಗೆ ಬದುಕುತ್ತದೆಂದು ನೋಡಿ, ಸಾವಿನ ಜಾಗವನ್ನು ಸುತ್ತುವರಿದು, ಕೊನೆಗೆ ಒಂದು ಅಯಸ್ಕಾಂತದ ಪಕ್ಕದಲ್ಲಿ ಕೊಳವೆ ಬಿಚ್ಚಿದರು. ಒಳಗೆ ಎರಡು ಬಿಯರ್ ಬಾಟಲಿ, ಖಾಲಿ. 27 ಕಿಲೋಮೀಟರಿನ ಯಂತ್ರ, ಸಾವಿರಾರು ಅಯಸ್ಕಾಂತ, ದೇಶದೇಶಗಳ ಪಂಡಿತರು, ಮತ್ತು ಎರಡು ಬಾಟಲಿ! ಯಾವ ಮಾಡೆಲಿನಲ್ಲಿ ಬಿಯರ್ ಬಾಟಲಿ ಬರೆದಿರುತ್ತಾರೆ? ನನ್ನ ಮಟ್ಟಿಗೆ ಕಮಿಷನಿಂಗ್ ಕಲಿಸುವ ಕಾಲೇಜಿನಲ್ಲಿ ಮೊದಲ ಪಾಠ ರಾತ್ರಿ ನೀರು ಹಾಯಿಸುವುದೇ ಆಗಬೇಕು.

ಇದೆಲ್ಲ ನೋಡಲು ಜಿನೀವಾಕ್ಕೇ ಹೋಗಬೇಕಿಲ್ಲ. ಕರ್ನಾಟಕದಲ್ಲೇ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯ ಆವರಣದಲ್ಲಿ, ಇಂದೋರಿನವರ ನೆರವಿನಿಂದ ತೊಂಬತ್ತರ ದಶಕದಲ್ಲಿ ಕಟ್ಟಿದ ಮೈಕ್ರೊಟ್ರಾನ್ ಇದೆ. ಪ್ರೊಫೆಸರ್ ಕೆ. ಸಿದ್ದಪ್ಪ ಮತ್ತು ಅವರ ಜೊತೆಯವರು ಅದಕ್ಕಾಗಿ ದುಡಿದರು. ಎಲೆಕ್ಟ್ರಾನು ಅದರಲ್ಲಿ ಒಂದಕ್ಕಿಂತ ಒಂದು ದೊಡ್ಡ ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಅದೇ ಬಾಗಿಲಿಗೆ ಬಂದು ಇನ್ನೊಂದು ತಳ್ಳು ಇಸಿದುಕೊಂಡು 80 ಲಕ್ಷ ವೋಲ್ಟಿನ ಶಕ್ತಿಗೆ ಏರಿ ಹೊರಬರುತ್ತದೆ. ಬೀಜ, ಪ್ಲಾಸ್ಟಿಕ್, ಹರಳುಗಳ ಮೇಲೆ ಆ ಬೀಮು ಬಿಟ್ಟು ಪರೀಕ್ಷೆ ಮಾಡಿದವರು ಅಲ್ಲಿ ಬಹಳ ಮಂದಿ.

ನಮ್ಮ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಭೌತಶಾಸ್ತ್ರ ವಿಭಾಗವಿದೆ. ಇಂದೋರಿನ ಇಂಡಸ್ ಇಡೀ ದೇಶದ ಸೊತ್ತು, ಅದರ ಬೆಳಕು ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ತೆರೆದಿದೆ, ಮಾಡಬೇಕೆಂದಿರುವ ಪ್ರಯೋಗವನ್ನು ಬರೆದು ಅರ್ಜಿ ಹಾಕಬೇಕು. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದು ಅಲ್ಲಿ ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವ ತಮ್ಮಂದಿರೇ, ತಂಗಿಯರೇ, ಅರ್ಜಿ ಹಾಕ್ರಿ. ರಾತ್ರಿ ಪಾಳಿಯ ಕೆಲಸ ಇರ್ತದ. ಅದು ನಿಮಗೇನೂ ಹೊಸದಲ್ಲ.